ಎಮ್ಮೆದೊಡ್ಡಿಯ ಕಟ್ಟೆಗೆ ಬಂದ ಸುದ್ದಿ

ಕಡೂರಿನಿಂದ ಎಮ್ಮೆದೊಡ್ಡಿಯ ದಿಕ್ಕಿಗೆ ಹೊರಳಿದ ಬೆಳಗಿನ ಬಸ್ಸು ಸ್ವಲ್ಪ ದೂರ ಓಡುವಷ್ಟರಲ್ಲಿ ನೆಲದ ಚಹರೆಯೇ ಬೇರೆಯಾಗುತ್ತದೆ. ತೆಂಗು, ಅಡಿಕೆ ತೋಟಗಳು ಹಿಂದಾಗಿ ರಾಗಿ ಹೊಲ, ಹೊಲದಾಚೆ ಕುರುಚಲು, ಕುರುಚಲಿನ ಬೆನ್ನಿಗೆ ಕಾಡು, ಕಾಡಿನ ಮೇಲೆ ಬಾಬಾಬುಡನ್ ಗಿರಿಸಾಲು. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ದಾರ ಬಿಗಿದ ಪೇಪರ್ ಕಟ್ಟು, ಅದರ ಒತ್ತಿಗೆ ಯಾರದೋ ಔಷಧಿ ಚೀಲ, ಯಾರದೋ ರಿಪೇರಿಯಾಗಿ ಬಂದ ಪಂಪ್‌ಸೆಟ್ ಸ್ಟಾರ್ಟರ್. ಹೋಟೆಲಿನ ಮುಂದೆ ಬಸ್ಸು ನಿಧಾನಿಸುತ್ತದೆ. ಪೂರ್ತಿ ನಿಲ್ಲುವ ಮೊದಲೇ ಕಟ್ಟು ಕೆಳಗಿಳಿದಿರುತ್ತದೆ.

ಹೋಟೆಲೆಂದರೆ ಶೀಟಿನ ಮಾಡು, ಹೊಗೆಗಪ್ಪಾದ ಗೋಡೆ, ಎರಡು ಬೆಂಚು. ಪೇಪರ್ ಒಂದೇ, ಓದುವವರು ಹಲವರು. ಹಾಗಾಗಿ ಅದು ಹಾಳೆ ಹಾಳೆಯಾಗಿ ಬೆಂಚಿನುದ್ದಕ್ಕೂ ಹರಡಿಕೊಳ್ಳುತ್ತದೆ. ಆಟದ ಪುಟ ಹುಡುಗರ ಕೈಗೆ ಹೋಯಿತು. ಮುಖಪುಟ ಸ್ವಲ್ಪ ಹೊತ್ತು ಯಾರಿಗೂ ಬೇಡ. ಮೊದಲು ಬೇಕಾದದ್ದು ಜಿಲ್ಲೆಯ ಪುಟ: ಅಡಿಕೆ ಧಾರಣೆ, ಈರುಳ್ಳಿ ಧಾರಣೆ, ಲಕ್ಕವಳ್ಳಿ ಅಣೆಕಟ್ಟೆಯಲ್ಲಿ ಭದ್ರೆಯ ಮಟ್ಟ, ಚಿರತೆ ಕಾಣಿಸಿಕೊಂಡ ಊರು, ತಹಶೀಲ್ದಾರರ ಪ್ರಕಟಣೆ. ಕನ್ನಡಕದವರೊಬ್ಬರು ಗಟ್ಟಿಯಾಗಿ ಓದುತ್ತಾರೆ. ಓದು ಬಾರದ ಹಿರಿಯರು ಟೀ ಲೋಟ ಹಿಡಿದು ಕೇಳುತ್ತಾರೆ. ಪ್ರಶ್ನೆ ಏಳುವುದು ಬಹುಪಾಲು ಅವರಿಂದಲೇ. "ಯಾವ ಸರ್ವೆ ನಂಬರಂತೆ?" "ಕೊನೇ ತಾರೀಕು ಎಂದಂತೆ?" "ಅರ್ಜಿ ಯಾರ ಕೈಗೆ ಕೊಡಬೇಕಂತೆ?" ಅಚ್ಚಾದ ನಾಲ್ಕು ಸಾಲಿನಲ್ಲಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ. ಉತ್ತರ ಹುಡುಕುವ ಮಾತು ಅಲ್ಲಿಂದ ಹೊರಟು ಅಶ್ವತ್ಥಕಟ್ಟೆಗೆ, ಡೇರಿಗೆ, ನ್ಯಾಯಬೆಲೆ ಅಂಗಡಿಯ ಸಾಲಿಗೆ ಹೋಗುತ್ತದೆ.

ಈ ಕಾಡಂಚಿನಲ್ಲಿ ಸುದ್ದಿ ಜನರನ್ನು ಎಬ್ಬಿಸಿ ತಾಲ್ಲೂಕು ಕಚೇರಿಗೋ ಗ್ರಾಮಸಭೆಗೋ ಮತಗಟ್ಟೆಗೋ ನಡೆಸುವುದು ಓದಿದ ಗಳಿಗೆಯಲ್ಲಲ್ಲ, ಹೀಗೆ ನಾಲ್ಕು ಜನ ಕೂತು ಅದನ್ನು ಕೆದಕಿದಾಗ. ನನ್ನ ಈ ನಂಬಿಕೆಗೆ ಬಲ ಬಂದದ್ದು ಫಾರಂಗಳ ಕತೆ ಕೇಳುತ್ತ ಕೇಳುತ್ತ.

ಇಲ್ಲಿನ ಹಿರಿಯರು ಕಾಲವನ್ನು ಫಾರಂ ನಂಬರಿನಲ್ಲಿ ಎಣಿಸುತ್ತಾರೆ. "ಫಾರಂ ಏಳರ ಕಾಲ" ಎಂದರೆ ದೇವರಾಜ ಅರಸರ ಕಾಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರ ತಾನು ಉಳುವ ನೆಲ ತನ್ನದೆಂದು ಹೇಳಿಕೊಳ್ಳಬೇಕಿದ್ದದ್ದು ಆ ಅರ್ಜಿಯ ಮೂಲಕ. ಆಮೇಲಿನವು ಬಗರ್‌ಹುಕುಂ ಸಕ್ರಮದ ಅರ್ಜಿಗಳು: 1991ರ ಫಾರಂ 50, ತೊಂಬತ್ತರ ದಶಕ ಮುಗಿಯುವ ಹೊತ್ತಿನ ಫಾರಂ 53, 2018ರ ಫಾರಂ 57. ಒಂದೇ ತುಂಡು ನೆಲಕ್ಕೆ ತಂದೆ 50 ಹಾಕಿ, ಮಗ 53 ಹಾಕಿ, ಮೊಮ್ಮಗ 57 ಹಾಕಿದ ಮನೆಗಳು ರಾಜ್ಯದಲ್ಲಿ ಎಷ್ಟೋ ಇವೆ. ಹಳೆಯ ಸ್ವೀಕೃತಿ ಚೀಟಿಗಳು ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ದೇವರ ಪಟದ ಹಿಂದೆ.

ಪ್ರತಿ ಸಲವೂ ಸುದ್ದಿ ಬಂದದ್ದು ಒಂದು ಸಣ್ಣ ಪ್ರಕಟಣೆಯಾಗಿ. ಅದನ್ನು ಕೆಲಸಕ್ಕೆ ಬರುವ ತಿಳಿವಳಿಕೆಯನ್ನಾಗಿ ಮಾಡಿದವರು ಊರಿನವರೇ. ಪಹಣಿ ಎಲ್ಲಿ ಸಿಗುತ್ತದೆ, ಯಾವ ಗುಮಾಸ್ತ ಯಾವತ್ತು ಸೀಟಿನಲ್ಲಿರುತ್ತಾನೆ, ಪಕ್ಕದೂರಿನವರ ಅರ್ಜಿ ಏಕೆ ವಜಾ ಆಯಿತು, ಇವೆಲ್ಲ ಬಾಯಿಂದ ಬಾಯಿಗೆ ಸೇರಿಕೊಂಡ ಮಾಹಿತಿ. ಮಾತು ಚೆನ್ನಾಗಿ ನಡೆದ ಊರಿನಲ್ಲಿ ಹತ್ತಿಪ್ಪತ್ತು ಜನ ಒಂದೇ ಟೆಂಪೋ ಹತ್ತಿ ಹೋಗಿ ಅರ್ಜಿ ಕೊಟ್ಟು ಬಂದರು. ಮಾತು ನಡೆಯದ ಕಡೆ ಜನ ಒಬ್ಬೊಬ್ಬರಾಗಿ ದಲ್ಲಾಳಿಯ ಮನೆ ಬಾಗಿಲಿಗೆ ಹೋದರು.

ರಾಜಕೀಯ ಈ ಕತೆಯ ನಡುವೆಯೇ ಕೂತಿದೆ. ಬಗರ್‌ಹುಕುಂ ಸಕ್ರಮ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಮಿತಿಯ ಸಭೆ ಕರೆದರೋ ಇಲ್ಲವೋ ಎಂಬುದು ಕಾಡಂಚಿನವನಿಗೆ ವಿಧಾನಸಭೆಯ ಯಾವ ಭಾಷಣಕ್ಕಿಂತಲೂ ದೊಡ್ಡ ಸುದ್ದಿ. ನೆಲ ಅರಣ್ಯವೋ ಕಂದಾಯವೋ ಎಂಬ ತಕರಾರು ಬಂದರಂತೂ ಕಟ್ಟೆಯ ಮೇಲೆ ಕಾನೂನಿನ ಪಾಠವೇ ನಡೆಯುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, ಅದರಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ ಹೇಳಿದ ಮೂರು ತಲೆಮಾರಿನ, ಎಂದರೆ 75 ವರ್ಷದ ದಾಖಲೆ. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲಿ ಈ ಇಸವಿಗಳು ತಪ್ಪಿಲ್ಲದೆ ಬರುವುದನ್ನು ಕೇಳಿದಾಗ ನನಗೆ ಗೌರವ ಹುಟ್ಟುತ್ತದೆ. ಅವರು ಇವನ್ನು ಕಲಿತದ್ದು ಪರಸ್ಪರ ಕೇಳಿ, ವಾದಿಸಿ, ತಿದ್ದಿಕೊಂಡು.

ಪತ್ರಿಕೆಯ ಬಾಯಿ ಕಟ್ಟಿದ್ದ ಕಾಲದಲ್ಲೂ ಈ ಮಾತು ನಿಂತಿರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ರೇಡಿಯೊ ಸರ್ಕಾರದ್ದೇ. ಈ ಸೀಮೆಗೆ ಕೇಳುತ್ತಿದ್ದದ್ದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ. ಬೆಳಗಿನ ಪ್ರದೇಶ ಸಮಾಚಾರ ಮುಗಿಯುವವರೆಗೆ ಎತ್ತಿಗೆ ನೊಗ ಹೂಡದೆ ನಿಂತವರಿದ್ದರು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಕಿತ್ತೊಗೆಯಿತು. ಕರ್ನಾಟಕದಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ದೇಶಕ್ಕೆಲ್ಲ ಒಂದೇ ಬಾನುಲಿ, ಒಂದೇ ಕತ್ತರಿ ಬಿದ್ದ ಪತ್ರಿಕೆ. ಮತ ಮಾತ್ರ ಎರಡು ಬಗೆ. ನನ್ನ ತಿಳಿವಳಿಕೆಯಲ್ಲಿ ಇದಕ್ಕಿದ್ದ ಕಾರಣಗಳಲ್ಲಿ ಒಂದು, ಆ ಎರಡು ಸೀಮೆಗಳ ಮನೆಯಂಗಳದಲ್ಲಿ ನಡೆಯುತ್ತಿದ್ದ ಮಾತು. ಅಲ್ಲಿ ಬಲವಂತದ ಸಂತಾನಹರಣ ಆಪರೇಷನ್ನಿನ ಮಾತು ನಡೆಯುತ್ತಿತ್ತು, ಇಲ್ಲಿ ಗೇಣಿಯ ಮಾತು, ಭೂನ್ಯಾಯಮಂಡಳಿಯ ಮಾತು.

ಮರುವರ್ಷವೇ ಸುದ್ದಿ ತಾನಾಗಿ ಈ ನೆಲಕ್ಕೆ ನಡೆದು ಬಂತು. ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಲೋಕಸಭಾ ಸ್ಥಾನ ತೆರವು ಮಾಡಿದರು. 1978ರ ನವೆಂಬರಿನ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತರು. ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಪಾಟೀಲರ ಪರ ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್ ಬಂದಿಳಿದರು. ಕಡೂರು, ಬೀರೂರು, ತರೀಕೆರೆಯ ಮತದಾರರೆಲ್ಲ ಅಂದು ಆ ಕ್ಷೇತ್ರದೊಳಗೇ ಇದ್ದವರು. ದಿಲ್ಲಿಯ ಪತ್ರಿಕೆಯವರು ಕಾಫಿ ಸೀಮೆಯ ತಿರುವುಗಳಲ್ಲಿ ಜೀಪು ಓಡಿಸಿದರು. ಮಾಜಿ ಪ್ರಧಾನಿಯ ಕಾರು ಯಾವ ದಾರಿ ಹಿಡಿದೀತೆಂಬ ಅಂದಾಜಿನ ಮೇಲೆ ಹೆಂಗಸರು ಕಂಕುಳಲ್ಲಿ ಮಗು ಎತ್ತಿಕೊಂಡು ರಸ್ತೆಬದಿಯಲ್ಲಿ ಕಾದರು. ಎಪ್ಪತ್ತು ಸಾವಿರಕ್ಕೂ ಮೀರಿದ ಅಂತರದಲ್ಲಿ ಇಂದಿರಾ ಗೆದ್ದರು. ಡಿಸೆಂಬರ್ ಮುಗಿಯುವ ಮೊದಲೇ ಲೋಕಸಭೆ ಅವರನ್ನು ಹೊರಹಾಕಿದ ಸುದ್ದಿಯೂ ಬಂತು. ತಾವು ಆರಿಸಿ ಕಳಿಸಿದವರನ್ನು ಸಭೆ ಹೀಗೆ ಹೊರಗೆ ಹಾಕಬಹುದೇ, ಹಾಕಿದರೆ ತಮ್ಮ ಮತದ ಗತಿಯೇನು? ಸಂವಿಧಾನದ ಪುಸ್ತಕಗಳಲ್ಲಿ ಚರ್ಚೆಯಾಗುವ ಈ ಪ್ರಶ್ನೆ ಆ ಚಳಿಗಾಲ ಇಲ್ಲಿನ ಕಣಗಳಲ್ಲಿ ರಾಗಿ ತೂರುತ್ತ ಚರ್ಚೆಗೆ ಬರುವಂಥದ್ದಾಗಿತ್ತು.

ಸುದ್ದಿಗೂ ಮಾತಿಗೂ ಇರುವ ಈ ನಂಟನ್ನು ಪಂಡಿತರೂ ಗಮನಿಸಿದ್ದಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಗಾಬ್ರಿಯೆಲ್ ತಾರ್ದ್ 1901ರ ತನ್ನ ಪುಸ್ತಕದಲ್ಲಿ ಪತ್ರಿಕೆ, ಮಾತುಕತೆ, ಅಭಿಪ್ರಾಯ ಇವು ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂದು ಬರೆದ. ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 1940ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು ಮತದಾರರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಕೇಳಿದಾಗ, ರೇಡಿಯೊ ಮತ್ತು ಪತ್ರಿಕೆಗಿಂತ ಹೆಚ್ಚಾಗಿ ಪರಿಚಯದವರ ಮಾತು ಮನಸ್ಸು ತಿರುಗಿಸುತ್ತದೆಂಬುದು ಕಂಡಿತು. ಸುದ್ದಿ ಮೊದಲು ಊರಿನ ಕೆಲವರನ್ನು ತಲುಪಿ ಅವರಿಂದ ಉಳಿದವರಿಗೆ ಹರಿಯುತ್ತದೆಂದು ಅವರು ವಿವರಿಸಿದರು. ಎಮ್ಮೆದೊಡ್ಡಿಯಂಥ ಕಡೆ ನನಗೆ ಕಂಡದ್ದು ಇನ್ನೂ ಒಂದು ಹೆಜ್ಜೆ ಮುಂದಿನದು. ಉಳಿದವರು ಸುಮ್ಮನೆ ಕೇಳಿಕೊಳ್ಳುವುದಿಲ್ಲ. ಓದಿದವನನ್ನು ತಡೆದು ನಿಲ್ಲಿಸುತ್ತಾರೆ. ಓದಿದವನಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ದಸರೆಯಲ್ಲಿ ಬೀರೂರಿಗೆ ಹೋದರೆ ಇದು ಇನ್ನೊಂದು ರೂಪದಲ್ಲಿ ಕಾಣುತ್ತದೆ. ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಜನ ರಾತ್ರಿಯೇ ಬಂದು ಸೇರುತ್ತಾರೆ. ಕಂಬಳಿ ಹೊದ್ದ ಗೊರವರು, ಡಮರುಗದ ಸದ್ದು, ಭಂಡಾರದ ಹಳದಿ ಹಣೆಗಳು. ಗೊರವಯ್ಯ ಒಂದೆರಡು ಸಾಲು ನುಡಿಯುತ್ತಾರೆ, ಅಷ್ಟೇ. ಆ ಒಗಟಿನಂಥ ನುಡಿಯನ್ನು ಬಿಡಿಸುವ ಕೆಲಸ ಅಲ್ಲಿಂದಲೇ ಶುರು. ಮಳೆಯ ಮಾತೋ, ಬೆಳೆಯ ಮಾತೋ, ರಾಜ್ಯ ಆಳುವವರ ಮಾತೋ? ಬೆಳಗಾಗುವುದರೊಳಗೆ ಟಿವಿಯವರು ಅದಕ್ಕೆ ಯಾವುದೋ ನಾಯಕನ ಹೆಸರು ಅಂಟಿಸಿರುತ್ತಾರೆ. ಊರಿಗೆ ಹಿಂದಿರುಗುವ ಟ್ರ್ಯಾಕ್ಟರಿನಲ್ಲಿ ಜನ ಅದನ್ನು ಒಪ್ಪುವುದಿಲ್ಲ. ತಮ್ಮ ಕೆರೆಗೆ, ತಮ್ಮ ಈರುಳ್ಳಿಗೆ ಅದನ್ನು ಒಗ್ಗಿಸಿ ನೋಡುತ್ತಾರೆ. ಭವಿಷ್ಯ ನಿಜವಾಗುತ್ತದೆಯೇ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಮೇಲಿನಿಂದ ಬಂದ ಮಾತನ್ನು ಹಾಗೆಯೇ ನುಂಗದೆ ಬಿಡಿಸಿ ನೋಡುವ ಅಭ್ಯಾಸ ಈ ಸೀಮೆಗೆ ಪತ್ರಿಕೆಗಿಂತ ಬಹಳ ಹಳೆಯದು.

ಆದರೆ ಕಟ್ಟೆಯನ್ನು ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ ಎಂಬುದನ್ನು ಜಾತಿ ಬಹಳ ಕಾಲ ತೀರ್ಮಾನಿಸಿದೆ. ಕೇರಿಯವರಿಗೆ, ತಾಂಡಾದವರಿಗೆ, ಗೊಲ್ಲರಹಟ್ಟಿಯವರಿಗೆ ಸುದ್ದಿ ಒಂದು ದಿನ ತಡವಾಗಿ ಮುಟ್ಟುವುದೆಂದರೆ ಕೆಲವೊಮ್ಮೆ ಕೊನೆಯ ತಾರೀಕು ಮುಗಿದ ಮೇಲೆ ಮುಟ್ಟುವುದು. ಹೆಂಗಸರಂತೂ ಕಟ್ಟೆ ದಾಟಿ ಹೋಗುವಾಗ ಸೆರಗು ಎಳೆದುಕೊಂಡು ಬಿರಬಿರನೆ ನಡೆದವರು. ಅವರ ಮಾತು ನಡೆದದ್ದು ಬೋರ್‌ವೆಲ್ಲಿನ ಬಳಿ, ಕಳೆ ಕೀಳುವ ಸಾಲಿನಲ್ಲಿ.

ಆ ಮಾತಿಗೆ ಸಾರ್ವಜನಿಕ ಜಾಗ ಸಿಕ್ಕ ಬಗೆ ಕರ್ನಾಟಕದ್ದೇ ಒಂದು ದೊಡ್ಡ ಕತೆ. ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಪಂಚಾಯಿತಿ ಕಾಯ್ದೆ ಮಹಿಳೆಯರಿಗೆ ನಾಲ್ಕನೇ ಒಂದು ಪಾಲು ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿ ಮಂಡಲ ಪಂಚಾಯಿತಿಗೂ ಜಿಲ್ಲಾ ಪರಿಷತ್ತಿಗೂ ಬಂದರು. 2010ರಲ್ಲಿ ಆ ಪಾಲು ಅರ್ಧಕ್ಕೇರಿತು. ನಡುವೆ 2000ದಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದವು. ವಾರದ ಉಳಿತಾಯ ಕಟ್ಟಲು ಅಂಗನವಾಡಿ ಜಗಲಿಯಲ್ಲಿ ಸೇರುವ ಹದಿನೈದಿಪ್ಪತ್ತು ಹೆಂಗಸರ ಗುಂಪು ಹಣದ ಲೆಕ್ಕ ಮುಗಿಸಿ ಏಳುವುದಿಲ್ಲ. ನೀರಿನ ಮಾತು ಬರುತ್ತದೆ, ಸಾರಾಯಿಯ ಮಾತು ಬರುತ್ತದೆ, ಪಿಂಚಣಿ ನಿಂತ ಅಜ್ಜಿಯ ಮಾತು ಬರುತ್ತದೆ. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಮೊದಲು ತಿಂಗಳಿಗೆ 2000 ರೂಪಾಯಿಯ ಭರವಸೆಯ ಕಾರ್ಡು ಮನೆಮನೆಗೆ ಬಂದಾಗ, ಅದನ್ನು ನಂಬಬೇಕೋ ಬೇಡವೋ ಎಂದು ತೂಗಿ ನೋಡಿದ್ದು ಇಂಥ ಜಗಲಿಗಳಲ್ಲಿ. ಆ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಕಡೂರಿನ ಕಚೇರಿಗೆ ಗಂಡನನ್ನು ಕಳಿಸುತ್ತಿದ್ದವರು ತಾವೇ ಹೋಗತೊಡಗಿದರು. ಬಸ್ಸಿನ ಸೀಟಿನಲ್ಲಿ ಬೇರೆ ಬೇರೆ ಊರಿನ ಹೆಂಗಸರು ಅಕ್ಕಪಕ್ಕ ಕೂತು ಯಾರ ಖಾತೆಗೆ ದುಡ್ಡು ಬಂತು, ಯಾರಿಗೆ ಏಕೆ ಬರಲಿಲ್ಲ ಎಂದು ವಿಚಾರಿಸಿಕೊಳ್ಳುವುದು ಈಗ ದಿನದ ನೋಟ. ಇದು ರಾಜಕೀಯವಲ್ಲದಿದ್ದರೆ ಯಾವುದು ರಾಜಕೀಯ?

ಜೇಬಿನ ಫೋನು ತಂದ ಬದಲಾವಣೆಯ ಬಗ್ಗೆ ನನಗಿರುವುದು ಎರಡು ಮನಸ್ಸು. ಊರಿನ ವಾಟ್ಸಾಪ್ ಗುಂಪಿನಲ್ಲಿ ಮದಗದ ಕೆರೆ ಕೋಡಿ ಬಿದ್ದ ವಿಡಿಯೊ ಬಂದ ಗಳಿಗೆಯೇ ಕೆಳಗಿನ ಸರಣಿ ಕೆರೆಗಳ ಊರಿನವರು ಕಾಲುವೆಯ ಕಸ ತೆಗೆಯಲು ಹಾರೆ ಹಿಡಿಯಬಹುದು. ಕೇರಿಗೂ ತಾಂಡಾಕ್ಕೂ ಸುದ್ದಿ ಈಗ ಅದೇ ನಿಮಿಷಕ್ಕೆ ಮುಟ್ಟುತ್ತದೆ. ಇದು ಸಣ್ಣ ನ್ಯಾಯವಲ್ಲ. ಆದರೆ 2018ರಲ್ಲಿ ಮಕ್ಕಳ ಕಳ್ಳರ ವದಂತಿ ಇದೇ ಫೋನುಗಳಲ್ಲಿ ಹರಿದು ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಅಮಾಯಕರ ಜೀವ ತೆಗೆಯಿತು. ಕಟ್ಟೆಯ ಮೇಲೆ ಸುಳ್ಳು ಹೇಳಿದವನ ಮುಖ ಎದುರಿಗಿರುತ್ತದೆ, ಅವನಪ್ಪ ಯಾರೆಂದು ಗೊತ್ತಿರುತ್ತದೆ, ನಾಳೆ ಬೆಳಿಗ್ಗೆ ಅವನು ಅಲ್ಲಿಗೇ ಬರಬೇಕು. ಫಾರ್ವರ್ಡ್ ಆಗಿ ಬಂದದ್ದಕ್ಕೆ ಮುಖವಿಲ್ಲ. ಬೆಂಚಿನ ಮೇಲೆ ನಾಲ್ವರು ಕೂತು ನಾಲ್ಕು ಪರದೆ ನೋಡುತ್ತ ಟೀ ಕುಡಿದು ಎದ್ದುಹೋಗುವ ಬೆಳಗುಗಳೂ ಈಗ ಇವೆ. ಪ್ರತಿಯೊಬ್ಬರಿಗೂ ಸುದ್ದಿ ಗೊತ್ತು, ಯಾರೂ ಯಾರನ್ನೂ ಕೇಳಲಿಲ್ಲ. ನನಗೆ ಆತಂಕ ಹುಟ್ಟಿಸುವುದು ಈ ಬೆಳಗು.

ಇನ್ನೊಂದು ತೊಡಕೂ ಇದೆ. 2008ರಲ್ಲಿ ಜಾರಿಯಾದ ಕ್ಷೇತ್ರ ಮರುವಿಂಗಡಣೆಯಲ್ಲಿ ಬೀರೂರು ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಹೋಯಿತು, ತರೀಕೆರೆ ಉಡುಪಿ ಚಿಕ್ಕಮಗಳೂರಿನಲ್ಲಿ ಉಳಿಯಿತು. ತರೀಕೆರೆಯಿಂದ ಬೇರ್ಪಟ್ಟ ಅಜ್ಜಂಪುರ, 2017ರಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು. ಒಂದೇ ಬೆಟ್ಟದ ಮಳೆ ನಂಬಿದವರು, ಒಂದೇ ಸಂತೆಗೆ ಬರುವವರು ಈಗ ಬೇರೆ ಬೇರೆ ಸಂಸದರನ್ನು ಕೇಳಬೇಕು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕೇಂದ್ರದ 2023ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಎಂದು ಮುಖಪುಟದಲ್ಲಿ ಬಂದಾಗ ಅಜ್ಜಂಪುರದವರು ತಮ್ಮ ನೆಲದಡಿಯ ಸುರಂಗವನ್ನು ನೆನೆದರು, ಕಡೂರಿನವರು ತಮ್ಮ ಒಣಗಿದ ಕೆರೆಗಳನ್ನು ನೆನೆದರು. ಸಂತೆಯಲ್ಲಿ ಇಬ್ಬರೂ ಎದುರಾದಾಗ ಏಳುವ ವಾದವನ್ನು ಯಾವ ಪತ್ರಿಕೆಯೂ ಬರೆದು ಮುಗಿಸಲಾರದು.

ಈ ವಾದಗಳೆಲ್ಲ ಕೊನೆಗೆ ಬಂದು ಸೇರಬೇಕಾದ ಜಾಗ ಗ್ರಾಮಸಭೆ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಸೇರಿದ 144 ಜನ ದಿವಾನರ ವರದಿ ಕೇಳಿದರು, ಅಹವಾಲು ಹೇಳಿಕೊಂಡರು. ಅವರು ಆಯ್ದ ರೈತರು, ವರ್ತಕರು. 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರು. ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಸೇರದಿದ್ದರೆ ಕೋರಂ ಇಲ್ಲ. ಪರೊಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತನ್ನು ದಾಖಲಿಸಿ ಪುಸ್ತಕ ಬರೆದಿದ್ದಾರೆ. ಬಡವರು ಅಧಿಕಾರಿಯ ಎದುರು ನಿಂತು ಆಡುವ ಮಾತನ್ನು ಪ್ರಜಾಪ್ರಭುತ್ವದ ಮಾತೆಂದೇ ಅವರು ಎತ್ತಿಕೊಂಡಿದ್ದು ನನಗೆ ಸರಿಯೆನಿಸಿತು.

ಸಭೆಯ ಹಿಂದಿನ ದಿನ ತಮಟೆ ಹೊಡೆದು ಸಾರುವ ಪದ್ಧತಿಯ ಜಾಗಕ್ಕೆ ಎಷ್ಟೋ ಕಡೆ ಆಟೊದ ಮೈಕು ಬಂದಿದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುಂದೆ ನೋಡಲ್ ಅಧಿಕಾರಿ, ಪಿಡಿಒ, ಅಧ್ಯಕ್ಷೆ. ಹಿಂದಿನ ಸಾಲಿನ ಗಂಡಸರು ಬೈಕಿಗೆ ಒರಗಿ ನಿಂತಿದ್ದಾರೆ. ಫಲಾನುಭವಿ ಪಟ್ಟಿ ಓದುತ್ತ ಹೋದಂತೆ ಗುಸುಗುಸು ಏಳುತ್ತದೆ. ಆಗ ಸಂಘದ ಹೆಂಗಸರ ಗುಂಪಿನಿಂದ ಒಬ್ಬಾಕೆ ಎದ್ದು ನಿಂತು, ಕಳೆದ ಸಭೆಯಲ್ಲಿ ಬರೆದುಕೊಂಡ ಟ್ಯಾಂಕಿನ ಕೆಲಸ ಏನಾಯಿತೆಂದು ಕೇಳುತ್ತಾಳೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತದೆ. ಆಕೆ ಕೂರುವುದಿಲ್ಲ. ಪಕ್ಕದ ಪಂಚಾಯಿತಿಗೆ ಅದೇ ಯೋಜನೆಯ ದುಡ್ಡು ಬಂದದ್ದು ಪೇಪರಿನಲ್ಲಿ ಬಂದಿದೆ, ಬಸ್ಸಿನಲ್ಲಿ ಆ ಊರಿನವರೂ ಹೇಳಿದ್ದಾರೆ ಎನ್ನುತ್ತಾಳೆ. ಬೈಕಿಗೆ ಒರಗಿದ್ದವರಲ್ಲಿ ಇಬ್ಬರು ಮುಂದೆ ಬರುತ್ತಾರೆ. "ಅಷ್ಟು ಸಾಲದು, ನಡಾವಳಿ ಪುಸ್ತಕದಾಗೆ ಬರೀರಿ," ಎನ್ನುತ್ತಾಳೆ ಆಕೆ, "ಬರೆದದ್ದನ್ನ ಎಲ್ಲರಿಗೂ ಕೇಳೋ ಹಂಗೆ ಓದಿ." ಪಿಡಿಒ ಬರೆದು ಓದುತ್ತಾರೆ. ತಾರೀಕು ಬಿಟ್ಟುಹೋಗಿದೆ ಎಂದು ಯಾರೋ ಹಿಂದಿನಿಂದ ಕೂಗುತ್ತಾರೆ, ಅವರು ತಾರೀಕು ಹಾಕಿ ಮತ್ತೊಮ್ಮೆ ಮೊದಲಿನಿಂದ ಓದುತ್ತಾರೆ.